ಪ್ರೆಸಿಡೆಂಟರಿಗೆ ‘ಆಗಲ್ಲ’ ಅನ್ನೋರು ಯಾರು? ಅಮೆರಿಕದ ಸಿವಿಕ್ಸ್ ಪಾಠ, ಮೊದಲಿನಿಂದ

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನ ಮನೆಯಲ್ಲಿ ಈಗ ಇಬ್ಬರು ಒಂದೇ ಪಾಠ ಓದುತ್ತಿದ್ದಾರೆ. ಅಕ್ಕ ಓದುತ್ತಿರುವುದು ಪೌರತ್ವ ಪರೀಕ್ಷೆಗೆ. ಅವಳ ಮಗ ಓದುತ್ತಿರುವುದು ಎಂಟನೇ ಕ್ಲಾಸಿನ ಸಿವಿಕ್ಸ್ (ಪೌರನೀತಿ) ಟೆಸ್ಟಿಗೆ. ಫ್ರಿಜ್ಜಿನ ಬಾಗಿಲಿಗೆ ಪ್ರಶ್ನೋತ್ತರದ ಹಾಳೆ ಅಂಟಿಸಿಕೊಂಡಿದ್ದಾಳೆ. ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಚಪಾತಿ ಲಟ್ಟಿಸುತ್ತಲೇ ಬಾಯಿಪಾಠ ಒಪ್ಪಿಸುತ್ತಿದ್ದಳು. ಸುಪ್ರೀಂ ಕೋರ್ಟಿನಲ್ಲಿ ಎಷ್ಟು ಜಡ್ಜುಗಳು? ಒಂಬತ್ತು. ಸೆನೆಟರುಗಳು? ನೂರು.

ಮಗ ಪಕ್ಕದಲ್ಲೇ ನಿಂತು ಕೇಳಿದ, “ಅಮ್ಮ, ಆ ಒಂಬತ್ತು ಜನ ಪ್ರೆಸಿಡೆಂಟ್ ಮಾಡಿದ್ದನ್ನ ಬೇಡ ಅನ್ನಬಹುದಾ?”

ಅಕ್ಕ ಫ್ರಿಜ್ಜಿನ ಕಡೆ ನೋಡಿದಳು. ಆ ಹಾಳೆಯಲ್ಲಿ ಉತ್ತರ ಇರಲಿಲ್ಲ. “ಇರು ಕಣೇ, ಚಪಾತಿ ಸೀದುಹೋಗ್ತಿದೆ, ಆಮೇಲೆ ಮಾಡ್ತೀನಿ” ಅಂತ ಫೋನ್ ಇಟ್ಟಳು.

ಹುಡುಗ ಕೇಳಿದ ಪ್ರಶ್ನೆಯೇ ಸರಿಯಾದದ್ದು ಅಂತ ನನಗನ್ನಿಸುತ್ತದೆ. ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಅಂತ ಕಲಿಯುವ ವಿದ್ಯಾರ್ಥಿ ಎಷ್ಟು ಜನ, ಎಷ್ಟು ವರ್ಷ ಅನ್ನುವ ಲೆಕ್ಕಕ್ಕಿಂತ ಮೊದಲು ‘ಇದನ್ನು ತಡೆಯೋರು ಯಾರು?’ ಅಂತ ಕೇಳಲು ಕಲಿಯಬೇಕು. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಇಲ್ಲಿ ಕೂತ ನಮಗೂ ಈ ಪಾಠ ಯಾಕೆ ಬೇಕಾಯಿತು ಅಂದರೆ, 2025ರಲ್ಲಿ ಎರಡು ಸಂಗತಿ ನಡೆದವು. ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಪ್ರೆಸಿಡೆಂಟ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ (ಅಲ್ಲೇ ಕಾಯಂ ಇರುವ ಅನುಮತಿ) ಇಲ್ಲದಿದ್ದರೆ, ಮುಂದೆ ಅಲ್ಲಿ ಹುಟ್ಟುವ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಅನ್ನುವುದು ಅದರ ಒಂದು ಭಾಗ. ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ಬೆಂಗಳೂರಿನ ದಂಪತಿಗೆ ಇದು ದೂರದ ಸುದ್ದಿಯಲ್ಲ. ಎರಡನೆಯದು, ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪೌರತ್ವ ಪರೀಕ್ಷೆ ಬದಲಾಯಿತು, ಜಾಸ್ತಿ ಉದ್ದವಾಯಿತು.

ಮೊದಲು ಹೆಸರುಗಳ ಗೊಂದಲ

ನಮ್ಮ ಓದುಗರು ಎಡವುವುದು ಇಲ್ಲೇ. ಪದ ಒಂದೇ ಇರುತ್ತದೆ, ಅರ್ಥ ಬೇರೆ.

ನಮಗೆ ಕಾಂಗ್ರೆಸ್ ಅಂದರೆ ಪಕ್ಷ. ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು. ಅದರಲ್ಲಿ ಎರಡು ಸದನ: 435 ಸದಸ್ಯರ ಹೌಸ್ ಆಫ್ ರೆಪ್ರೆಸೆಂಟೆಟಿವ್ಸ್ (ಸುಮ್ನೆ ‘ಹೌಸ್’ ಅನ್ನುತ್ತಾರೆ) ಮತ್ತು 100 ಸದಸ್ಯರ ಸೆನೆಟ್. ನಮ್ಮ ರಾಜ್ಯಪಾಲರನ್ನು ದೆಹಲಿಯಿಂದ ನೇಮಿಸುತ್ತಾರೆ. ಅಲ್ಲಿನ ಗವರ್ನರ್ ಜನರ ಓಟಿನಿಂದ ಗೆದ್ದವರು, ನಮ್ಮ ಮುಖ್ಯಮಂತ್ರಿ ಮಾಡುವ ಕೆಲಸ ಅವರದು. ನಮ್ಮಲ್ಲಿ ಸೆಕ್ರೆಟರಿ ಅಂದರೆ ವಿಧಾನಸೌಧದಲ್ಲಿ ಫೈಲು ನೋಡುವ ಐಎಎಸ್ ಅಧಿಕಾರಿ. ಅಲ್ಲಿ ಸೆಕ್ರೆಟರಿ ಅಂದರೆ ಮಂತ್ರಿ. ‘ಸೆಕ್ರೆಟರಿ ಆಫ್ ಸ್ಟೇಟ್’ ಅಂದರೆ ವಿದೇಶಾಂಗ ಮಂತ್ರಿ. ಇನ್ನು ‘ಎಲೆಕ್ಟೋರಲ್ ಕಾಲೇಜ್’ ಅನ್ನುವ ಕಾಲೇಜಿಗೆ ಯಾರೂ ಅಡ್ಮಿಷನ್ ಮಾಡಿಸುವುದಿಲ್ಲ. ಅದೇನು ಅಂತ ಮುಂದೆ ನೋಡೋಣ.

ಎರಡು ಕೀಲಿಯ ಲಾಕರ್

ಬ್ಯಾಂಕ್ ಲಾಕರ್ ತೆಗೆಯಲು ಎರಡು ಕೀಲಿ ಬೇಕು. ಒಂದು ನಿಮ್ಮದು, ಇನ್ನೊಂದು ಮ್ಯಾನೇಜರ್ ಹತ್ತಿರ. ಒಬ್ಬರೇ ಹೋದರೆ ಬಾಗಿಲು ತೆಗೆಯಲ್ಲ. ಅಮೆರಿಕದ ಸಂವಿಧಾನ ಬರೆದವರು ದೇಶಕ್ಕೂ ಇಂಥದೇ ಬೀಗ ಹಾಕಿದರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಬರೆದದ್ದು. ಆಗಷ್ಟೇ ಬ್ರಿಟನ್ನಿನ ರಾಜನಿಂದ ಬಿಡಿಸಿಕೊಂಡು ಬಂದಿದ್ದರು. ಇನ್ನೊಬ್ಬ ರಾಜ ಹುಟ್ಟಬಾರದು ಅನ್ನುವ ಭಯ ಆ ಬರಹದ ಉದ್ದಕ್ಕೂ ಕಾಣುತ್ತದೆ. ಬರಹವೂ ಚಿಕ್ಕದು, ಬರೀ ಏಳು ವಿಧಿ. ಆಮೇಲೆ ಇವತ್ತಿನವರೆಗೆ ಸೇರಿದ ತಿದ್ದುಪಡಿ 27.

ಕಾನೂನು ಮಾಡುವುದು ಕಾಂಗ್ರೆಸ್. ಜಾರಿ ಮಾಡುವುದು ಪ್ರೆಸಿಡೆಂಟ್. ಕಾನೂನಿನ ಅರ್ಥ ಹೇಳುವುದು ಕೋರ್ಟು. ಇಷ್ಟನ್ನು ಎಲ್ಲ ಪಾಠಪುಸ್ತಕವೂ ಹೇಳುತ್ತದೆ. ಕಲಿಯಬೇಕಾದ್ದು ಒಬ್ಬರ ಕೈಯಲ್ಲಿ ಇನ್ನೊಬ್ಬರ ಕೀಲಿ ಹೇಗಿದೆ ಅನ್ನುವುದನ್ನು. ಕಾಂಗ್ರೆಸ್ ಮಾಡಿದ ಮಸೂದೆಯನ್ನು ಪ್ರೆಸಿಡೆಂಟ್ ವೀಟೋ ಮಾಡಿ ವಾಪಸ್ ಕಳಿಸಬಹುದು. ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಓಟು ಬಿದ್ದರೆ ವೀಟೋ ಕೂಡ ನಿಲ್ಲದು. ಸುಪ್ರೀಂ ಕೋರ್ಟಿನ ಜಡ್ಜನ್ನು ಪ್ರೆಸಿಡೆಂಟ್ ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಒಮ್ಮೆ ಕೂತ ಜಡ್ಜಿಗೆ ನಿವೃತ್ತಿ ವಯಸ್ಸಿಲ್ಲ. ನೇಮಿಸಿದವರ ವಿರುದ್ಧವೇ ತೀರ್ಪು ಕೊಟ್ಟರೂ ಕುರ್ಚಿಗೆ ಭಯವಿಲ್ಲ.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರ: ಹೌದು, ಬೇಡ ಅನ್ನಬಹುದು. ತಮಾಷೆ ಏನೆಂದರೆ, ಕೋರ್ಟು ಕಾನೂನನ್ನು ರದ್ದು ಮಾಡಬಹುದು ಅಂತ ಸಂವಿಧಾನದಲ್ಲಿ ನೇರವಾಗಿ ಎಲ್ಲೂ ಬರೆದಿಲ್ಲ. 1803ರಲ್ಲಿ ಮಾರ್ಬರಿ ಮತ್ತು ಮ್ಯಾಡಿಸನ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್, ಸಂವಿಧಾನಕ್ಕೆ ಒಪ್ಪದ ಕಾನೂನು ಕಾನೂನೇ ಅಲ್ಲ, ಅದನ್ನು ಹೇಳುವ ಕೆಲಸ ಕೋರ್ಟಿನದು ಅಂತ ತೀರ್ಪು ಬರೆದರು. ಅಂದಿನಿಂದ ಆ ಪದ್ಧತಿ ನಿಂತಿದೆ.

ಸರ್ಕಾರಕ್ಕೇ ಬೀಗ ಬಿದ್ದರೆ?

ನಮ್ಮಲ್ಲಿ ಪ್ರಧಾನಿ ಲೋಕಸಭೆಯ ಬೆಂಬಲ ಇರುವ ತನಕ ಮಾತ್ರ ಪ್ರಧಾನಿ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಒಂದು ಓಟಿನಿಂದ ಬಿತ್ತು. ಅಮೆರಿಕದಲ್ಲಿ ಇಂಥದ್ದು ನಡೆಯುವುದಿಲ್ಲ. ಪ್ರೆಸಿಡೆಂಟ್ ಕಾಂಗ್ರೆಸ್ಸಿನ ಸದಸ್ಯರಲ್ಲ, ಅವರ ಮಂತ್ರಿಗಳೂ ಸದಸ್ಯರಾಗಿರುವಂತಿಲ್ಲ. ಅವಿಶ್ವಾಸ ಗೊತ್ತುವಳಿ ಅನ್ನುವುದೇ ಇಲ್ಲ. ನಾಲ್ಕು ವರ್ಷಕ್ಕೆ ಆರಿಸಿದರೆ ನಾಲ್ಕು ವರ್ಷ.

ಆದರೆ ಹಣದ ಗಂಟು ಕಾಂಗ್ರೆಸ್ಸಿನ ಸೆರಗಿನಲ್ಲಿದೆ. ಅದು ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಪ್ರೆಸಿಡೆಂಟ್ ಬೀಳುವುದಿಲ್ಲ, ಆಫೀಸುಗಳು ಮುಚ್ಚುತ್ತವೆ. ಸುದ್ದಿಯಲ್ಲಿ ‘ಶಟ್‌ಡೌನ್’ ಅನ್ನುವುದು ಇದನ್ನೇ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ ಹೀಗೆ ನಡೆಯಿತು. ವಿಮಾನಗಳಿಗೆ ದಾರಿ ತೋರಿಸುವ ಏರ್ ಟ್ರಾಫಿಕ್ ಕಂಟ್ರೋಲರುಗಳು ಸಂಬಳ ಕೈಗೆ ಬರದಿದ್ದರೂ ಡ್ಯೂಟಿ ಮಾಡಬೇಕಾಯಿತು. ಮನೆ ನಡೆಸುವುದು ಅಪ್ಪ, ಬೀರು ಕೀಲಿ ಅಮ್ಮನ ಹತ್ತಿರ, ಇಬ್ಬರಿಗೂ ಮಾತಿಲ್ಲ; ಆಗ ಹಾಲಿನವನಿಗೆ ದುಡ್ಡು ಕೊಡೋರು ಯಾರು? ಹೆಚ್ಚುಕಮ್ಮಿ ಅದೇ ಕಥೆ.

ಪ್ರೆಸಿಡೆಂಟರನ್ನು ನಡುವೆಯೇ ಇಳಿಸಲು ಇರುವ ದೊಡ್ಡ ದಾರಿ ಇಂಪೀಚ್‌ಮೆಂಟ್. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಇಂಪೀಚ್ ಆದರು ಅಂದರೆ ಕೆಲಸ ಹೋಯಿತು ಅಂತ ಅರ್ಥವಲ್ಲ. ಅದು ಚಾರ್ಜ್‌ಶೀಟ್ ಇದ್ದಹಾಗೆ. ಹೌಸ್ ಅರ್ಧಕ್ಕಿಂತ ಹೆಚ್ಚು ಓಟಿನಿಂದ ಆರೋಪ ಹೊರಿಸುತ್ತದೆ. ವಿಚಾರಣೆ ಸೆನೆಟ್‌ನಲ್ಲಿ, ಅಲ್ಲಿ ಮೂರರಲ್ಲಿ ಎರಡು ಪಾಲು ಬೇಕು. 1868ರಲ್ಲಿ ಆಂಡ್ರೂ ಜಾನ್ಸನ್, 1998ರಲ್ಲಿ ಬಿಲ್ ಕ್ಲಿಂಟನ್, 2019 ಮತ್ತು 2021ರಲ್ಲಿ ಟ್ರಂಪ್ ಇಂಪೀಚ್ ಆದರು. ಸೆನೆಟ್ ಯಾರನ್ನೂ ತಪ್ಪಿತಸ್ಥರು ಅನ್ನಲಿಲ್ಲ.

ಐವತ್ತು ರಾಜ್ಯ, ಐವತ್ತು ಸಿಲಬಸ್

ಅಮೆರಿಕದ ಸಂವಿಧಾನದಲ್ಲಿ ‘ಶಿಕ್ಷಣ’ ಅನ್ನುವ ಪದವೇ ಇಲ್ಲ. ಹತ್ತನೇ ತಿದ್ದುಪಡಿಯ ಪ್ರಕಾರ, ಕೇಂದ್ರಕ್ಕೆ ಕೊಡದ, ರಾಜ್ಯಕ್ಕೆ ಬೇಡ ಅನ್ನದ ಅಧಿಕಾರವೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು. ಹಾಗಾಗಿ ಶಾಲೆ, ಮದುವೆ, ಡ್ರೈವಿಂಗ್ ಲೈಸೆನ್ಸ್, ಪೊಲೀಸ್ ಎಲ್ಲ ರಾಜ್ಯ ಮತ್ತು ಅದರ ಕೆಳಗಿನ ಕೌಂಟಿ (ನಮ್ಮ ಜಿಲ್ಲೆಯ ಥರ), ಊರುಗಳ ಕೆಲಸ. ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ನಮ್ಮ ಎನ್‌ಸಿಇಆರ್‌ಟಿ ಥರ ದೇಶಕ್ಕೆಲ್ಲ ಪಾಠಪುಸ್ತಕ ಬರೆಯುವ ಕೇಂದ್ರ ಸಂಸ್ಥೆ ಅಲ್ಲಿಲ್ಲ.

ಅದಕ್ಕೇ ‘ಅಮೆರಿಕದ ಮಕ್ಕಳು ಸಿವಿಕ್ಸ್‌ನಲ್ಲಿ ಏನು ಕಲಿಯುತ್ತಾರೆ?’ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಹುಡುಗ ಮಿಡಲ್ ಸ್ಕೂಲಿನಲ್ಲೇ ಇದನ್ನು ಓದುತ್ತಿರುವುದಕ್ಕೆ ಕಾರಣ 2021ರಲ್ಲಿ ಬಂದ ‘ಲಾರಾ ವೂಟನ್ ಕಾಯ್ದೆ’. ಈ ಲಾರಾ ವೂಟನ್ ಮಂತ್ರಿಯೂ ಅಲ್ಲ, ಪ್ರೊಫೆಸರೂ ಅಲ್ಲ. 79 ವರ್ಷ ಬಿಡದೆ ಮತಗಟ್ಟೆಯಲ್ಲಿ ಕೆಲಸ ಮಾಡಿದ ಹೆಂಗಸು. ಒಂದು ಪಠ್ಯಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗೋದು ಕಷ್ಟ ಅಲ್ವಾ?

ಶಾಲೆ ನಡೆಸುವುದು ಸ್ಕೂಲ್ ಬೋರ್ಡ್. ಹೆಚ್ಚಿನ ಕಡೆ ಅದರ ಸದಸ್ಯರನ್ನು ಊರಿನವರೇ ಓಟು ಹಾಕಿ ಆರಿಸುತ್ತಾರೆ. ದುಡ್ಡಿನಲ್ಲಿ ದೊಡ್ಡ ಪಾಲು ಆ ಊರಿನ ಮನೆ ತೆರಿಗೆಯಿಂದ ಬರುತ್ತದೆ. ಒಳ್ಳೆ ಸ್ಕೂಲ್ ಇರುವ ಕಡೆ ಮನೆ ದುಬಾರಿ ಅಂತ ಅಲ್ಲಿನ ನಮ್ಮವರು ಗೊಣಗುವುದು ಇದಕ್ಕೇ.

ಚುನಾವಣೆಯೂ ಹೀಗೇ ಹಂಚಿಹೋಗಿದೆ. ದೇಶಕ್ಕೆಲ್ಲ ಓಟು ನಡೆಸುವ ನಮ್ಮ ಚುನಾವಣಾ ಆಯೋಗದಂಥದ್ದು ಅಲ್ಲಿಲ್ಲ. ರಾಜ್ಯಗಳು ನಿಯಮ ಮಾಡುತ್ತವೆ, ಕೌಂಟಿ, ಊರಿನವರು ಮತಗಟ್ಟೆ ನಡೆಸುತ್ತಾರೆ. ನಾರ್ತ್ ಡಕೋಟಾದಲ್ಲಿ ಮತದಾರರ ನೋಂದಣಿ ಅನ್ನುವುದೇ ಇಲ್ಲ.

ಹೆಚ್ಚು ಓಟು ಪಡೆದೂ ಸೋಲುವುದು ಹೇಗೆ?

ಬ್ಯಾಡ್ಮಿಂಟನ್ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಗೇಮ್ 21-5ರಿಂದ ಗೆದ್ದಿರಿ. ಮುಂದಿನ ಎರಡನ್ನೂ 19-21ರಿಂದ ಸೋತಿರಿ. ಒಟ್ಟು ಪಾಯಿಂಟ್ ನಿಮ್ಮದು 59, ಎದುರಾಳಿಯದು 47. ಆದರೂ ಮ್ಯಾಚ್ ಹೋಯಿತು.

ಪ್ರೆಸಿಡೆಂಟ್ ಚುನಾವಣೆಯಲ್ಲಿ ಒಂದೊಂದು ರಾಜ್ಯವೂ ಒಂದೊಂದು ಗೇಮ್. ಒಂದು ರಾಜ್ಯಕ್ಕೆ ಹೌಸ್‌ನಲ್ಲಿ ಎಷ್ಟು ಸೀಟು, ಅದಕ್ಕೆ ಎರಡು ಸೆನೆಟ್ ಸೀಟು ಸೇರಿಸಿದರೆ ಆ ರಾಜ್ಯದ ಎಲೆಕ್ಟರುಗಳ (ಕೊನೆಗೆ ಪ್ರೆಸಿಡೆಂಟರನ್ನು ಆರಿಸುವ ಪ್ರತಿನಿಧಿಗಳ) ಸಂಖ್ಯೆ ಬರುತ್ತದೆ. ಕ್ಯಾಲಿಫೋರ್ನಿಯಾಗೆ ಈಗ 54, ಪುಟ್ಟ ವಯೋಮಿಂಗ್‌ಗೆ 3. ರಾಜಧಾನಿ ವಾಷಿಂಗ್ಟನ್‌ಗೆ 3 ಸೇರಿ ಒಟ್ಟು 538. ಅದರಲ್ಲಿ 270 ಬಂದರೆ ಗೆದ್ದಹಾಗೆ. 48 ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಪಡೆದವರಿಗೂ ಎಲ್ಲ ಎಲೆಕ್ಟರುಗಳು. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಹಂಚುತ್ತವೆ. ಈ ಎಲೆಕ್ಟರುಗಳ ಗುಂಪಿಗೇ ಎಲೆಕ್ಟೋರಲ್ ಕಾಲೇಜ್ ಅನ್ನುವುದು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ದೇಶದಲ್ಲಿ ಸುಮಾರು 29 ಲಕ್ಷ ಓಟು ಹೆಚ್ಚು ಬಿದ್ದಿತ್ತು, ಗೆದ್ದದ್ದು ಟ್ರಂಪ್. 2000ದಲ್ಲಿ ಆಲ್ ಗೋರ್ ಕೂಡ ಹೀಗೇ ಸೋತರು.

ಇದು ಸರಿಯೋ ತಪ್ಪೋ ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ವಿದ್ಯಾರ್ಥಿಗೆ ಬೇಕಾದ್ದು ಅದರ ಬೇರು. ಸಣ್ಣ ರಾಜ್ಯಗಳು ದೊಡ್ಡವರ ಕೈಕೆಳಗೆ ಸಿಕ್ಕಿಬೀಳುತ್ತೇವೆ ಅಂತ 1787ರಲ್ಲೇ ಹೆದರಿದ್ದವು. ಅದಕ್ಕೆ ಹೌಸ್‌ನಲ್ಲಿ ಜನಸಂಖ್ಯೆಗೆ ತಕ್ಕಂತೆ ಸೀಟು, ಸೆನೆಟ್‌ನಲ್ಲಿ ಎಲ್ಲರಿಗೂ ಎರಡೆರಡು ಅಂತ ರಾಜಿಯಾಯಿತು. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ 1. ಅದನ್ನೇ ಅಲ್ಲಿನ ಲೆಕ್ಕಕ್ಕೆ ತಂದರೆ ಇಬ್ಬರಿಗೂ ಎರಡೇ.

ಪ್ರಜೆ ಯಾರು? ಒಂದು ವಾಕ್ಯದ ಹಿಂದಿನ ಕಥೆ

ನನ್ನ ಮಟ್ಟಿಗೆ ಸಿವಿಕ್ಸ್ ಪಾಠದ ಜೀವ ಇರುವುದು ಇಲ್ಲಿ. ಇದನ್ನು ಎರಡು ಪುಟದಲ್ಲಿ ಓಡಿಸಿಬಿಡುವ ಪುಸ್ತಕಗಳನ್ನು ಕಂಡರೆ ಸಿಟ್ಟು ಬರುತ್ತದೆ.

1787ರಲ್ಲಿ ಸಂವಿಧಾನ ಬರೆದಾಗ ಪೌರ ಅಂದರೆ ಯಾರು ಅಂತ ಬಿಡಿಸಿ ಹೇಳಿರಲಿಲ್ಲ. 1790ರ ಕಾನೂನು, ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮಾತ್ರ ಪೌರರಾಗಬಹುದು ಅಂದಿತು. 1857ರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಕೇಳಿ ಹೋದ ಡ್ರೆಡ್ ಸ್ಕಾಟ್‌ಗೆ ಸುಪ್ರೀಂ ಕೋರ್ಟೇ, ಕಪ್ಪು ಜನ ಈ ದೇಶದ ಪೌರರಾಗಲಾರರು ಅಂತ ಹೇಳಿತು. ಗುಲಾಮಗಿರಿಯ ಜಗಳದಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಆಯಿತು. ಲಕ್ಷಗಟ್ಟಲೆ ಜನ ಸತ್ತರು. 1868ರಲ್ಲಿ ಬಂದ 14ನೇ ತಿದ್ದುಪಡಿಯ ಮೊದಲ ವಾಕ್ಯ ಆ ತೀರ್ಪನ್ನು ಅಳಿಸಿತು. ಅಮೆರಿಕದಲ್ಲಿ ಹುಟ್ಟಿ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಅದರ ಪೌರರು ಅನ್ನುವುದು ಅದರ ಸಾರ.

ಆ ವಾಕ್ಯ ಮೊದಲ ದೊಡ್ಡ ಪರೀಕ್ಷೆಗೆ ನಿಂತದ್ದು ವಾಂಗ್ ಕಿಮ್ ಆರ್ಕ್ ಅನ್ನುವ ಅಡುಗೆಯವನಿಂದ. ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊ, ಅಪ್ಪ ಅಮ್ಮ ಚೀನಾದವರು. 1895ರಲ್ಲಿ ಚೀನಾಕ್ಕೆ ಹೋಗಿ ಬಂದಾಗ ಬಂದರಿನಲ್ಲೇ ತಡೆದು, ನೀನು ಇಲ್ಲಿಯವನಲ್ಲ ಅಂದರು. 1898ರಲ್ಲಿ ಸುಪ್ರೀಂ ಕೋರ್ಟ್, ಅವನು ಇಲ್ಲಿಯವನೇ ಅಂತ ತೀರ್ಪು ಕೊಟ್ಟಿತು.

2025ರ ಆದೇಶದ ಜಗಳ ನಿಂತಿರುವುದು ಇದೇ ವಾಕ್ಯದ ‘ಅಧಿಕಾರ ವ್ಯಾಪ್ತಿಗೆ ಒಳಪಟ್ಟವರು’ ಅನ್ನುವ ಮಾತಿನ ಮೇಲೆ. ತಾತ್ಕಾಲಿಕ ವೀಸಾದವರ ಮಕ್ಕಳು ಅದರೊಳಗೆ ಬರುವುದಿಲ್ಲ ಅನ್ನುವುದು ಸರ್ಕಾರದ ವಾದ. ವಾಂಗ್ ತೀರ್ಪಿನಲ್ಲೇ ಇದು ಮುಗಿದ ಮಾತು, ಹೊರಗುಳಿಯುವುದು ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರು ಮಾತ್ರ ಅನ್ನುವುದು ಎದುರಿನವರ ವಾದ. ಈಗ ನಮ್ಮ ಹುಡುಗನ ಪ್ರಶ್ನೆ ಇಲ್ಲಿಟ್ಟು ನೋಡಿ. ಆದೇಶ ಹೊರಡಿಸಿದ್ದು ಪ್ರೆಸಿಡೆಂಟ್. ಕೋರ್ಟಿಗೆ ಹೋದದ್ದು ನ್ಯೂಜೆರ್ಸಿ ಸೇರಿ 20ಕ್ಕೂ ಹೆಚ್ಚು ರಾಜ್ಯಗಳು. ಮೂರೇ ದಿನದಲ್ಲಿ ಸಿಯಾಟಲ್‌ನ ಒಬ್ಬ ಫೆಡರಲ್ ಜಡ್ಜ್ ತಡೆ ಕೊಟ್ಟರು. ಜೂನ್ 27ರಂದು ಸುಪ್ರೀಂ ಕೋರ್ಟ್, ಕೆಳಗಿನ ಒಬ್ಬ ಜಡ್ಜ್ ಕೇಸು ಹಾಕದವರಿಗೂ ಸೇರಿಸಿ ದೇಶಕ್ಕೆಲ್ಲ ತಡೆ ಕೊಡುವ ರೂಢಿಗೆ ಕಡಿವಾಣ ಹಾಕಿತು. ಆದೇಶ ಸರಿಯೇ ಅಂತ ಆ ದಿನ ಹೇಳಲಿಲ್ಲ. ವಕೀಲರು ದಾರಿ ಬದಲಿಸಿ ಮಕ್ಕಳೆಲ್ಲರ ಪರವಾಗಿ ಒಟ್ಟು ದಾವೆ ಹೂಡಿದರು, ಮತ್ತೆ ತಡೆ ಸಿಕ್ಕಿತು. ಆಮೇಲೆ ಮೂಲ ಪ್ರಶ್ನೆಯೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಪ್ರೆಸಿಡೆಂಟ್, ರಾಜ್ಯ, ಕೆಳ ಕೋರ್ಟು, ಮೇಲಿನ ಕೋರ್ಟು, 1868ರ ವಾಕ್ಯ: ಒಂದೇ ಕೇಸಿನಲ್ಲಿ ಇಡೀ ಪಠ್ಯ ಇದೆ.

ನಮ್ಮವರ ಕಥೆಯೂ ಇದರಲ್ಲಿದೆ. ಪಂಜಾಬಿನಿಂದ ಹೋದ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟ್, ನೀವು ಕಾನೂನು ಹೇಳುವ ‘ಬಿಳಿಯ’ರಲ್ಲ ಅಂತ ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರ ವಲಸೆ ಕೋಟಾದೊಂದಿಗೆ. 1965ರ ವಲಸೆ ಕಾನೂನು ಬಂದಮೇಲೆಯೇ ಡಾಕ್ಟರು, ಇಂಜಿನಿಯರುಗಳು ಹೆಚ್ಚಾಗಿ ಹೋದದ್ದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಆರಿಸಿ ಹೋದರು. ಪೌರರಾಗಿ ಏಳು ವರ್ಷ ಆದವರು ಹೌಸ್‌ಗೆ, ಒಂಬತ್ತು ವರ್ಷ ಆದವರು ಸೆನೆಟ್‌ಗೆ ನಿಲ್ಲಬಹುದು. ಪ್ರೆಸಿಡೆಂಟ್ ಆಗಲು ಮಾತ್ರ ಹುಟ್ಟಿನಿಂದ ಪೌರರಾಗಿರಬೇಕು.

ಓಟಿನ ಹಕ್ಕೂ ಒಂದೇ ಸಲ ಬರಲಿಲ್ಲ. ಕಪ್ಪು ಗಂಡಸರಿಗೆ 1870ರ 15ನೇ ತಿದ್ದುಪಡಿ ಕಾಗದದ ಮೇಲೆ ಕೊಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಅದು ನಿಜವಾಗಿ ಕೈಗೆ ಬರಲು 1965ರ ಮತದಾನ ಹಕ್ಕು ಕಾಯ್ದೆ ಬೇಕಾಯಿತು. ಹೆಂಗಸರಿಗೆ 1920. ಹದಿನೆಂಟು ತುಂಬಿದವರಿಗೆ 1971. ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದೇ 1924ರಲ್ಲಿ.

ಹಕ್ಕು ಯಾರ ವಿರುದ್ಧ?

1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿಗಳಿಗೆ ‘ಬಿಲ್ ಆಫ್ ರೈಟ್ಸ್’ ಅನ್ನುತ್ತಾರೆ. ಮಾತು, ಧರ್ಮ, ಪತ್ರಿಕೆ, ಸಭೆ ಸೇರುವುದು ಎಲ್ಲ ಮೊದಲನೆಯದರಲ್ಲೇ ಇವೆ. ಇವು ಸರ್ಕಾರದ ಕೈ ಕಟ್ಟುವ ಮಾತುಗಳು. ಒಂದು ಖಾಸಗಿ ಕಂಪನಿ ನಿಮ್ಮ ಪೋಸ್ಟ್ ಅಳಿಸಿದರೆ ಮೊದಲ ತಿದ್ದುಪಡಿ ಸಹಾಯಕ್ಕೆ ಬರುವುದಿಲ್ಲ. ಸರ್ಕಾರಿ ಶಾಲೆ ಬಾಯಿ ಮುಚ್ಚಿಸಿದರೆ ಬರುತ್ತದೆ.

ಇದನ್ನು ತೋರಿಸಿದವಳು 13 ವರ್ಷದ ಹುಡುಗಿ. 1965ರಲ್ಲಿ ಅಯೋವಾದ ಡೆ ಮೊಯಿನ್ ಊರಿನ ಮೇರಿ ಬೆತ್ ಟಿಂಕರ್ ವಿಯೆಟ್ನಾಂ ಯುದ್ಧಕ್ಕೆ ದುಃಖ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ಶಾಲೆಯವರು ಸಸ್ಪೆಂಡ್ ಮಾಡಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ಪಾಠ ಕೆಡದಿದ್ದರೆ ಮಕ್ಕಳಿಗೂ ಮಾತಿನ ಹಕ್ಕು ಇದೆ ಅನ್ನುವುದು ತೀರ್ಪಿನ ತಿರುಳು. ಬಾವುಟಕ್ಕೆ ನಮಿಸಿ ಪ್ರತಿಜ್ಞೆ ಹೇಳಲೇಬೇಕು ಅಂತ ಮಕ್ಕಳನ್ನು ಬಲವಂತ ಮಾಡುವಂತಿಲ್ಲ ಅಂತ 1943ರಲ್ಲೇ ತೀರ್ಪಾಗಿತ್ತು.

ಎಷ್ಟೋ ಹಕ್ಕು ಪೌರರಲ್ಲದವರಿಗೂ ಇವೆ. 14ನೇ ತಿದ್ದುಪಡಿ ಕಾನೂನಿನ ರಕ್ಷಣೆಯನ್ನು ‘ಯಾವುದೇ ವ್ಯಕ್ತಿ’ಗೆ ಕೊಡುತ್ತದೆ. ಪೌರರಿಗಷ್ಟೇ ಮೀಸಲಾದವು ಕೆಲವೇ. ಕೇಂದ್ರ ಚುನಾವಣೆಯಲ್ಲಿ ಓಟು ಒಂದು, ಜ್ಯೂರಿ ಡ್ಯೂಟಿ ಇನ್ನೊಂದು. ಜ್ಯೂರಿ ಅಂದರೆ ಮೊಕದ್ದಮೆ ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳುವ ಸಾಮಾನ್ಯ ಜನರ ಗುಂಪು, ದೊಡ್ಡ ಕ್ರಿಮಿನಲ್ ಕೇಸಿನಲ್ಲಿ ಸಾಮಾನ್ಯವಾಗಿ 12 ಜನ. ಕೋರ್ಟಿನಿಂದ ಮನೆಗೇ ಕಾಗದ ಬರುತ್ತದೆ. ಬಂದರೆ ಹೋಗಲೇಬೇಕು. ನಮ್ಮಲ್ಲೂ ಜ್ಯೂರಿ ಇತ್ತು. 1959ರ ನಾನಾವತಿ ಕೊಲೆ ಪ್ರಕರಣ ನೆನಪಿರುವ ಹಿರಿಯರಿಗೆ ಗೊತ್ತು.

ಫ್ರಿಜ್ಜಿನ ಮೇಲಿನ ಹಾಳೆ

ಈಗ ಅಕ್ಕನ ಪರೀಕ್ಷೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ (ಪೌರರನ್ನು ಮದುವೆಯಾಗಿ ಅವರ ಜೊತೆಗಿದ್ದರೆ ಮೂರು) ಆದ, 18 ತುಂಬಿದವರು ಅರ್ಜಿ ಹಾಕಬಹುದು. ಮೊದಲು 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸ್. ಹೊಸದರಲ್ಲಿ 128ರಿಂದ 20 ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿ ಅಥವಾ 9 ತಪ್ಪು ಆದ ಕೂಡಲೇ ಅಧಿಕಾರಿ ನಿಲ್ಲಿಸುತ್ತಾರೆ. ಪ್ರಶ್ನೆ, ಉತ್ತರ ಎರಡನ್ನೂ ಮೊದಲೇ ಪುಕ್ಕಟೆ ಕೊಟ್ಟಿರುತ್ತಾರೆ. ಬರೆಯುವುದಲ್ಲ, ಎದುರು ಕೂತು ಬಾಯಲ್ಲಿ ಹೇಳುವುದು. ಇದಲ್ಲದೆ ಇಂಗ್ಲಿಷ್ ಓದಿ ಬರೆದು ತೋರಿಸಬೇಕು.

ಅಲ್ಲಿರುವ ಅಜ್ಜ ಅಜ್ಜಿಯರಿಗೆ ಒಂದು ಅನುಕೂಲ ಇದೆ. ಗ್ರೀನ್ ಕಾರ್ಡಿನಲ್ಲಿ 20 ವರ್ಷ ಕಳೆದ 50 ದಾಟಿದವರಿಗೆ, 15 ವರ್ಷ ಕಳೆದ 55 ದಾಟಿದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದುಭಾಷಿಯನ್ನು ಕರೆದುಕೊಂಡು ಹೋಗಿ ಸಿವಿಕ್ಸ್ ಉತ್ತರಗಳನ್ನು ಕನ್ನಡದಲ್ಲೇ ಹೇಳಬಹುದು. 65 ದಾಟಿ 20 ವರ್ಷ ಆದವರಿಗೆ ಬರೀ 20 ಪ್ರಶ್ನೆಗಳ ಚಿಕ್ಕ ಪಟ್ಟಿ.

ಪಾಸಾದ ಮೇಲೆ ಪ್ರಮಾಣವಚನ. ಅದರಲ್ಲಿ ಬೇರೆ ದೇಶದ ನಿಷ್ಠೆ ಬಿಡುತ್ತೇನೆ ಅನ್ನುವ ಮಾತಿದೆ. ನಮ್ಮ 1955ರ ಪೌರತ್ವ ಕಾಯ್ದೆಯೂ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಅಕ್ಕ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಬೇಕಾದರೆ ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಮಾಡಿಸಿಕೊಂಡು ವೀಸಾ ಇಲ್ಲದೆ ಊರಿಗೆ ಬಂದುಹೋಗಬಹುದು, ಆದರೆ ಇಲ್ಲಿ ಓಟಿಲ್ಲ. ಪಾಸ್‌ಪೋರ್ಟಿನ ವಿಷಯ ಬಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. ನಾನೂ ಕೆದಕಲಿಲ್ಲ.

ಹುಡುಗ ಮಾತ್ರ ಬೇರೆ ಲೆಕ್ಕದಲ್ಲಿದ್ದಾನೆ. ಅಲ್ಲೇ ಹುಟ್ಟಿದವನು, ಪರೀಕ್ಷೆ ಗಿರೀಕ್ಷೆ ಇಲ್ಲ, ಆದರೆ ಓಟು ಬರಲು ಇನ್ನೂ ಐದು ವರ್ಷ. ಅಮ್ಮನಿಗೆ ಮುಂದಿನ ನವೆಂಬರ್ ಹೊತ್ತಿಗೇ ಬರಬಹುದು. ಅವರ ಊರಿನಲ್ಲಿ ಸ್ಕೂಲ್ ಬೋರ್ಡಿಗೂ ಆಗಲೇ ಓಟು. ಅವನ ಸ್ಕೂಲ್ ಬಸ್ ಬೆಳಗ್ಗೆ 7:10ಕ್ಕೆ ಬರುತ್ತದೆ. “ಅರ್ಧ ಗಂಟೆ ಲೇಟ್ ಮಾಡ್ತೀನಿ ಅನ್ನೋರಿಗೇ ಹಾಕಮ್ಮ” ಅಂತ ಈಗಿನಿಂದಲೇ ಪ್ರಚಾರ ಶುರುಮಾಡಿದ್ದಾನೆ.